ಹೊಸ್ತಿಲು ದಾಟದ ಗಾಡಿ

ಕಳೆದ ತಿಂಗಳು ಕೆಳಮನೆ ಅಣ್ಣಯ್ಯ ಬಾಳೆಗೊನೆ ಕೊಟ್ಟು ಹೋಗಲು ಬಂದಿದ್ದರು. ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ನಡುಮನೆಯಲ್ಲಿ ನನ್ನ ಗಾಡಿ ಓಡಾಡುತ್ತಿತ್ತು. ಬಾಗಿಲಿಂದ ಕಾಣುತ್ತಿತ್ತು. ಮರದ ಪೆಟ್ಟಿಗೆಯ ಎದುರು ಬಂದು ನಿಂತಿತು. ಕತ್ತು ಎಡಕ್ಕೆ ತಿರುಗಿಸಿ ನೋಡಿತು, ಬಲಕ್ಕೆ ತಿರುಗಿಸಿ ನೋಡಿತು. ಬಲಗಡೆ ಜಾಗ ಜಾಸ್ತಿ ಇತ್ತು. ಆ ಕಡೆ ಹೊರಟಿತು. ಅಣ್ಣಯ್ಯ ಲೋಟ ಕೈಯಲ್ಲೇ ಹಿಡಿದು ನೋಡಿದರು.

“ಎಂತ ಮಾರಾಯ್ತಿ ಅದು?”

“ರೋಬೋ ಅಣ್ಣಯ್ಯ. ನಾನೇ ಮಾಡಿದ್ದು.”

“ಓಹೋ. ಎಂತ ಮಾಡ್ತದೆ ಅದು?”

“ಎದುರಿಗೆ ಎಂತಾದ್ರೂ ಸಿಕ್ಕಿದ್ರೆ ತಪ್ಪಿಸ್ಕೊಂಡು ಬೇರೆ ಕಡೆ ಹೋಗ್ತದೆ.”

“ಹೋಗಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗಿ ಮತ್ತೆ ಇನ್ನೊಂದು ಕಡೆ ತಿರುಗುತ್ತದೆ, ಅಷ್ಟೇ. ಅಣ್ಣಯ್ಯ ಮನಸ್ಸು ನೋಯಿಸುವವರಲ್ಲ. “ಒಳ್ಳೇದಾಯ್ತು ಬಿಡು” ಅಂದು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವವರು ಈ ವರ್ಷ ಸಿಗುತ್ತಲೇ ಇಲ್ಲ ಅನ್ನುವ ಮಾತಿಗೆ ಹೊರಳಿದರು. ಅವರು ಹೋದ ಮೇಲೂ ಆ “ಹೋಗಿ?” ಮಾತ್ರ ಜಗುಲಿಯಲ್ಲೇ ಕೂತಿತ್ತು. ಪಾತ್ರೆ ತೊಳೆಯುವಾಗ, ಸೊಸೈಟಿಯಲ್ಲಿ ಲೆಕ್ಕ ಬರೆಯುವಾಗ, ತೀರ್ಥಹಳ್ಳಿಯಿಂದ ಸಂಜೆ ಬಸ್ಸಿನಲ್ಲಿ ಬರುವಾಗ ಆಗಾಗ ಕೇಳುತ್ತಿತ್ತು.

ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಓದಿದ್ದು ಶಿವಮೊಗ್ಗದಲ್ಲಿ, ಕೆಲಸ ಸಿಕ್ಕಿದ್ದು ಲೆಕ್ಕದ ಪುಸ್ತಕದಲ್ಲಿ. ಆಗುಂಬೆ ದಾರಿಯ ಒಳಗಿನ ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಸೋಲ್ಡರಿಂಗ್ ಕಡ್ಡಿ ಹಿಡಿದಿದ್ದೇ ಇಲ್ಲ. 2020ರ ಲಾಕ್‌ಡೌನಿನ ಹೊತ್ತಿಗೆ ಮಗನಿಗೆ ಅಂತ ರೋಬೋ ಜೋಡಿಸುವ ಒಂದು ಕಿಟ್ ತರಿಸಿದೆವು. ಮಗ ಎರಡು ದಿನ ಆಡಿ ಬಿಟ್ಟ. ನಾನು ಬಿಡಲಿಲ್ಲ.

ಸೊನ್ನೆ ಎಲ್ಲಿಂದ ಶುರು

ರೋಬೋ ಅಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನನ್ನದು ಊಟದ ತಟ್ಟೆಯಷ್ಟು ಅಗಲದ ಒಂದು ವಸ್ತು. ನಾವು ಬರೆದ ಪ್ರೋಗ್ರಾಮಿನ ಹಾಗೆ ಕೆಲಸ ಮಾಡುವ ಆರ್ಡುಯಿನೊ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಬ್ಯಾಟರಿ, ಹಳದಿ ಗೇರ್ ಇರುವ ಎರಡು ಮೋಟಾರು, ಮೋಟಾರಿಗೆ ಕರೆಂಟು ಹಂಚುವ ಒಂದು ಡ್ರೈವರ್ ಬೋರ್ಡು, ಮುಂದೆ ಎರಡು ಕಣ್ಣಿನ ಹಾಗೆ ಕಾಣುವ ದೂರ ಅಳೆಯುವ ಸೆನ್ಸರ್, ಅದನ್ನು ಕತ್ತಿನ ಹಾಗೆ ತಿರುಗಿಸುವ ಸರ್ವೋ ಅನ್ನುವ ಪುಟ್ಟ ಮೋಟಾರು. ಹಿಂದೆ ಕುರ್ಚಿಗೆ ಹಾಕುವಂಥ ಒಂದು ಉರುಳುಗಾಲಿ. ಬೋರ್ಡಿನ ಒಳಗಿರುವ ಚಿಪ್ಪಿನ ನೆನಪು ಬರೀ 2 ಕಿಲೋಬೈಟ್. ನಮ್ಮ ಫೋನಿನ ಒಂದು ಸಣ್ಣ ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಆದರೆ ಗೋಡೆ ತಪ್ಪಿಸಿಕೊಂಡು ಓಡಾಡಲು ಅಷ್ಟು ಸಾಕು. ಪ್ರೋಗ್ರಾಮು ಬರೆಯಲು ನನಗೆ ಹಿಡಿದಿದ್ದು ಒಂದು ಭಾನುವಾರ. ಉಳಿದ ಎರಡು ವರ್ಷ ಬೇರೆಯದಕ್ಕೇ ಹೋಯಿತು.

ಮೊದಲನೆಯದಾಗಿ ಮೈ. ದುಡ್ಡು ಉಳಿಸೋಣ ಅಂತ ಅಡಿಕೆ ಹಾಳೆಯ ತಟ್ಟೆಯ ಮೇಲೆ ಎಲ್ಲ ಜೋಡಿಸಿದೆ. ಬೇಸಿಗೆಯಲ್ಲಿ ಚೆಂದ ಓಡಿತು. ಜೂನ್ ಬಂತು. ಹದಿನೈದು ದಿನದಲ್ಲಿ ತಟ್ಟೆ ಮೆತ್ತಗಾಗಿ ನಡು ಬಾಗಿತು, ಮೇಲೆ ಬೂಸ್ಟು ಬಂತು. ಆಮೇಲೆ ಹಳೇ ಇಡ್ಲಿ ತಟ್ಟೆ ಹಿಡಿದೆ. ತೂತುಗಳು ತಯಾರಾಗೇ ಇದ್ದವಲ್ಲ, ಸ್ಕ್ರೂ ಹಾಕಲು ಸಲೀಸು. ಅದು ಸ್ಟೀಲು, ಕರೆಂಟು ಹರಿಯುತ್ತದೆ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಬೋರ್ಡಿನ ಅಡಿ ತಟ್ಟೆಗೆ ತಾಗಿ ಶಾರ್ಟ್ ಆಗಿ ಸುಟ್ಟ ವಾಸನೆ ಬಂದಾಗ ಅತ್ತೆ ಅಡಿಗೆಮನೆಯಿಂದ “ಸಾಂಬಾರು ಸೀದ್ತಾ?” ಅಂತ ಕೂಗಿದರು. ಈಗ ಇರುವುದು ಪ್ಲಾಸ್ಟಿಕ್ ಡಬ್ಬದ ಮುಚ್ಚಳ. ಅದರ ಡಬ್ಬ ಎಲ್ಲಿ ಅಂತ ಅತ್ತೆ ಈಗಲೂ ಹುಡುಕುತ್ತಾರೆ. ಡಬ್ಬ ಇದೆ, ಮುಚ್ಚಳ ಇಲ್ಲ ಅನ್ನುವುದನ್ನು ನಾನು ಬಾಯಿ ಬಿಟ್ಟಿಲ್ಲ.

ಆಮೇಲೆ ಬಂದದ್ದು ಆ ಒಂದು ತಂತಿಯ ಕಥೆ. ಗಾಡಿ ಹೊರಡುವುದು, ಅರ್ಧ ಅಡಿ ಹೋಗುವುದು, ಮೂರ್ಛೆ ಬಂದವರ ಹಾಗೆ ನಿಲ್ಲುವುದು, ಮತ್ತೆ ಎದ್ದು ಹೊರಡುವುದು. ಪ್ರೋಗ್ರಾಮು ಹತ್ತು ಸಲ ಓದಿದೆ. ತಪ್ಪಿಲ್ಲ. ಕಡೆಗೆ ಗೊತ್ತಾಯಿತು, ಮೋಟಾರು ತಿರುಗಲು ಶುರುಮಾಡುವ ಆ ಕ್ಷಣ ಬ್ಯಾಟರಿಯ ಕರೆಂಟೆಲ್ಲ ಅದೇ ಎಳೆದುಕೊಳ್ಳುತ್ತದೆ. ವೋಲ್ಟೇಜು ಕುಸಿದು ಬೋರ್ಡಿಗೆ ಉಸಿರು ಕಟ್ಟಿ ಅದು ಮೊದಲಿಂದ ಶುರುವಾಗುತ್ತದೆ. ಒಂದೇ ಬಾವಿಗೆ ಎರಡು ಪಂಪು ಇಟ್ಟ ಹಾಗೆ. ಸರಿ, ಬೋರ್ಡಿಗೆ ಬೇರೆ ಬ್ಯಾಟರಿ, ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟೆ. ಈಗ ಇನ್ನೂ ವಿಚಿತ್ರ. ಒಂದು ಚಕ್ರ ತನ್ನಷ್ಟಕ್ಕೆ ತಿರುಗುತ್ತದೆ, ಇನ್ನೊಂದು ನಡುಗುತ್ತದೆ. ಮೂರು ರಾತ್ರಿ ನಿದ್ದೆಗೆಟ್ಟೆ. ನಾಲ್ಕನೇ ರಾತ್ರಿ ನೋಡಿದರೆ ಎರಡು ಬ್ಯಾಟರಿಯ ಮೈನಸ್ ಒಂದಕ್ಕೊಂದು ಸೇರಿಸಿಯೇ ಇರಲಿಲ್ಲ.

ಡಿಪ್ಲೊಮಾದಲ್ಲಿ ಇದನ್ನು ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದಿದ್ದೇನೆ. ವೋಲ್ಟೇಜು ಅನ್ನುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಳೆದ ಎತ್ತರ. ಬೋರ್ಡು 5 ವೋಲ್ಟ್ ಅಂದಾಗ ಎಲ್ಲಿಂದ 5 ಅನ್ನುವುದು ಡ್ರೈವರಿಗೆ ಗೊತ್ತಿರಬೇಕು. ಇಬ್ಬರ ಸೊನ್ನೆಯೂ ಒಂದೇ ಇರಬೇಕು. ನಮ್ಮ ಮನೆಯ ತಕ್ಕಡಿ, ಮಂಡಿಯ ತಕ್ಕಡಿ ಬೇರೆ ಬೇರೆ ಸೊನ್ನೆಯಿಂದ ಶುರುವಾದರೆ ಅಡಿಕೆ ಮಾರುವವನ ಗತಿ ಏನು? ಒಂದು ಗೇಣು ಕಪ್ಪು ತಂತಿ. ಅದನ್ನು ಸಿಕ್ಕಿಸಿದ ಕೂಡಲೇ ಗಾಡಿ ನೆಟ್ಟಗೆ ಹೊರಟಿತು. ರಾತ್ರಿ ಒಂದು ಗಂಟೆ. ಯಾರನ್ನು ಎಬ್ಬಿಸಿ ಹೇಳುವುದು?

ನೆಟ್ಟಗೆ ಅಂದೆನಾ? ಅದೂ ಸುಳ್ಳು. ಎಡಕ್ಕೆ ಎಳೆಯುತ್ತಿತ್ತು. ಒಂದೇ ಕಂಪನಿಯ, ಒಂದೇ ಪ್ಯಾಕೆಟ್ಟಿನ ಎರಡು ಮೋಟಾರಾದರೂ ಎರಡರ ವೇಗ ಒಂದೇ ಇರುವುದಿಲ್ಲ. ಬೆಳಿಗ್ಗೆ ಅತ್ತೆ ನೋಡಿ, “ಎಡಗೋಲಿನದು ಸೋಮಾರಿ” ಅಂದರು. ಅವರಿಗೆ ಉಳುವ ಎತ್ತಿನ ಲೆಕ್ಕ. ಜೋಡಿಯಲ್ಲಿ ಒಂದು ಚುರುಕು, ಒಂದು ಮಂದ ಇರುವುದು ಮಾಮೂಲಿ. “ಚುರುಕಿನದ್ದನ್ನ ಸ್ವಲ್ಪ ಹಿಡೀಬೇಕು ಅಷ್ಟೆ. ಮಂದದ್ದಕ್ಕೆ ಹೊಡೆದ್ರೆ ಪ್ರಯೋಜನ ಇಲ್ಲ.” ನಾನು ಅಲ್ಲಿಯವರೆಗೆ ಮಂದದ್ದಕ್ಕೇ ಹೊಡೆಯುತ್ತಿದ್ದೆ. ಪ್ರೋಗ್ರಾಮಿನಲ್ಲಿ ವೇಗಕ್ಕೆ 0ಯಿಂದ 255ರವರೆಗೆ ಅಂಕಿ ಕೊಡಬಹುದು. ಎಡಗಡೆಗೆ 255 ಕೊಟ್ಟಾಗಿತ್ತು, ಮೇಲೆ ಜಾಗವೇ ಇರಲಿಲ್ಲ. ಎರಡನ್ನೂ ಇಳಿಸಿದೆ. ಎಡಕ್ಕೆ 200, ಬಲಕ್ಕೆ 183. ಈಗ ನಡುಮನೆಯ ಈ ತುದಿಯಿಂದ ಆ ತುದಿಗೆ ಹೋಗುವಾಗ ಒಂದು ಬೆರಳಷ್ಟು ಮಾತ್ರ ವಾಲುತ್ತದೆ. ಬ್ಯಾಟರಿ ಇಳಿದರೆ ಈ ಲೆಕ್ಕವೂ ತಪ್ಪುತ್ತದೆ, ಇರಲಿ.

ಕಂಬಳಿ ಕಾಣದ ಕಣ್ಣು

ದೂರ ಅಳೆಯುವ ಸೆನ್ಸರಿನದ್ದು ಬಾವಲಿಯ ಬುದ್ಧಿ. ನಮಗೆ ಕೇಳಿಸದಷ್ಟು ಕೀರಲು ದನಿಯಲ್ಲಿ, ಸೆಕೆಂಡಿಗೆ 40,000 ಸಲ ಕಂಪಿಸುವ ಸದ್ದು ಹೊರಡಿಸುತ್ತದೆ. ಗೋಡೆಗೆ ಬಡಿದು ಮರುದನಿ ಬರಲು ಎಷ್ಟು ಹೊತ್ತಾಯಿತು ಅಂತ ನೋಡುತ್ತದೆ. ಒಂದು ಸೆಂಟಿಮೀಟರ್ ದೂರಕ್ಕೆ ಹೋಗಿ ಬರಲು ಸುಮಾರು 58 ಮೈಕ್ರೋಸೆಕೆಂಡ್. ಅದರಿಂದ ಭಾಗಿಸಿದರೆ ದೂರ ಸಿಕ್ಕಿತು. ನಮಗೆ 20,000ದ ಮೇಲಿನದ್ದು ಕೇಳಿಸುವುದಿಲ್ಲ. ಬೆಕ್ಕಿಗೆ 60,000 ದಾಟಿದರೂ ಕೇಳಿಸುತ್ತದೆ. ಗಾಡಿಯ ಸ್ವಿಚ್ ಹಾಕಿದ ಕೂಡಲೇ ನಮ್ಮ ಬೆಕ್ಕು ಬಾಲ ಎತ್ತಿಕೊಂಡು ಯಾಕೆ ಹೊರಗೆ ಹೋಗುತ್ತದೆ ಅಂತ ನನಗೆ ಅರ್ಥವಾಗಿದ್ದು ಇದನ್ನು ಓದಿದ ಮೇಲೆ. ಪಾಪ, ಅದರ ಕಿವಿಗೆ ಇದು ಬಾಯಿ ಮುಚ್ಚದ ನೆಂಟ.

ಮಳೆಗಾಲದಲ್ಲಿ ಒಂದು ದಿನ ಗಾಡಿ ಹೋಗಿ ಹೋಗಿ ಒಂದೇ ಜಾಗಕ್ಕೆ ಮುಖ ಒತ್ತಿಕೊಂಡು ನಿಲ್ಲತೊಡಗಿತು. ಚಕ್ರ ತಿರುಗುತ್ತಲೇ ಇದೆ. ಎದುರಿಗೆ ಏನೂ ಇಲ್ಲ ಅಂತಲೇ ಅದರ ನಂಬಿಕೆ. ಎದುರಿಗೆ ಇದ್ದದ್ದು ಒಣಗಲು ನೇತುಹಾಕಿದ ಕಂಬಳಿ. ನೆಲದವರೆಗೆ ಇಳಿಬಿದ್ದಿತ್ತು. ಕಂಬಳಿ ಸದ್ದನ್ನು ಹೀರಿಕೊಳ್ಳುತ್ತದೆ, ವಾಪಸು ಕಳಿಸುವುದಿಲ್ಲ. ಮರುದನಿ ಬರದಿದ್ದರೆ ಸೆನ್ಸರಿನ ಪಾಲಿಗೆ ಅಲ್ಲಿ ಬಯಲು. ಓರೆಯಾಗಿ ಒರಗಿಸಿದ ಮಣೆ, ಹಲಗೆಯದ್ದೂ ಇದೇ ಕಥೆ, ಸದ್ದು ಇನ್ನೆಲ್ಲಿಗೋ ಜಾರಿ ಹೋಗುತ್ತದೆ. ವಿಡಿಯೋಗಳಲ್ಲಿ ರೋಬೋ ಓಡಾಡುವ ಮನೆ ನೋಡಿದ್ದೀರಾ? ನುಣುಪು ನೆಲ, ಬರಿಗೋಡೆ, ನಾಲ್ಕು ಕುರ್ಚಿ. ನಮ್ಮ ಮನೆಯಲ್ಲಿ ಜುಲೈ ತಿಂಗಳೆಂದರೆ ಎಲ್ಲೆಲ್ಲೂ ಒದ್ದೆ ಬಟ್ಟೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಾವು ಅದರ ನೆರೆಯವರು. ನನ್ನ ಗಾಡಿಯ ಲೋಕದಲ್ಲಿ ಮಳೆಗಾಲಕ್ಕೆ ಗೋಡೆಗಳೇ ಮಾಯ.

ಥಂಡಿಯ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಇಲ್ಲಿ ತಾಮ್ರದ ತಂತಿ ಹಸಿರಾಗುತ್ತದೆ. ಪಿನ್ನುಗಳು ಕಿಲುಬು ಹಿಡಿಯುತ್ತವೆ. ಸಾಮಾನನ್ನು ಅಕ್ಕಿ ಡಬ್ಬದಲ್ಲಿಟ್ಟೆ, ಸಿಲಿಕಾ ಪೊಟ್ಟಣ ಹಾಕಿಟ್ಟೆ, ಏನೂ ಆಗಲಿಲ್ಲ. ಈಗ ಎಲ್ಲ ಬೋರ್ಡು, ಮೋಟಾರು ಒಂದು ಬಿಸ್ಕತ್ತಿನ ತಗಡು ಡಬ್ಬದಲ್ಲಿ, ಒಲೆಯ ಮೇಲಿನ ಅಟ್ಟದಲ್ಲಿವೆ. ಪಕ್ಕದಲ್ಲಿ ಹುಣಸೆಹಣ್ಣು, ಬೀಜದ ಸೌತೆ. ಬ್ಯಾಟರಿ ಮಾತ್ರ ಅಲ್ಲಿಡುವುದಿಲ್ಲ, ಬಿಸಿಗೆ ಅದು ಕೆಡುತ್ತದೆ. ನನ್ನ ಸಾಮಾನಿಗೆಲ್ಲ ಹೊಗೆಯ ವಾಸನೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಗೆಳತಿ ತಂದುಕೊಟ್ಟ ಹೊಸ ಬೋರ್ಡಿಗೂ ವಾರದಲ್ಲಿ ನಮ್ಮ ಮನೆಯ ವಾಸನೆ ಹತ್ತಿತು.

ಉಪಯೋಗಕ್ಕೆ ಬರುವಂಥದ್ದು

ಅಣ್ಣಯ್ಯನಿಗಿಂತ ಮುಂಚೆಯೇ ಆ ಪ್ರಶ್ನೆಯನ್ನು ಇನ್ನೊಬ್ಬರು ಕೇಳಿದ್ದರು. ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಮಗನ ಒತ್ತಾಯಕ್ಕೆ ಗಾಡಿ ತೆಗೆದುಕೊಂಡು ಹೋಗಿದ್ದೆ. ತೀರ್ಪುಗಾರರು ಬಂದರು, ಬಗ್ಗಿ ಕೂಡ ನೋಡಲಿಲ್ಲ. “ಇದರ ಅಪ್ಲಿಕೇಶನ್ ಏನು ಮೇಡಂ? ರೈತರಿಗೆ ಏನು ಅನುಕೂಲ?” ಅಂದರು. ಪಕ್ಕದ ಮೇಜಿನಲ್ಲಿ ಥರ್ಮೋಕೋಲಿನ ಸ್ಮಾರ್ಟ್ ಹಳ್ಳಿ ಇತ್ತು, ಅದರಲ್ಲಿ ಯಾವುದೂ ಅಲುಗಾಡುತ್ತಿರಲಿಲ್ಲ. ಬಹುಮಾನ ಅದಕ್ಕೇ ಬಂತು. ಹೊಟ್ಟೆ ಉರಿಯಿತು ಅಂತ ಒಪ್ಪಿಕೊಳ್ಳುತ್ತೇನೆ. ಮನೆಗೆ ಬಂದವಳೇ ರೈತರಿಗೆ ಅನುಕೂಲ ಮಾಡಿಯೇ ಬಿಡುತ್ತೇನೆ ಅಂತ ಹೊರಟೆ.

ಅಂಗಳದಲ್ಲಿ ಬೇಯಿಸಿದ ಅಡಿಕೆ ಹರಡಿತ್ತು. ಬಿಸಿಲಿಗೆ ಒಂದು ವಾರವಾದರೂ ಒಣಗಬೇಕು, ದಿನಕ್ಕೆ ಮೂರ್ನಾಲ್ಕು ಸಲ ಕಾಲಾಡಿಸಬೇಕು, ಅಂದರೆ ಪಾದದಿಂದ ಮಗುಚಬೇಕು. ಅತ್ತೆಗೆ ಮಂಡಿನೋವು. ಇದಕ್ಕಿಂತ ಒಳ್ಳೆ ಕೆಲಸ ರೋಬೋಗೆ ಬೇಕಾ? ತೀರ್ಥಹಳ್ಳಿಯ ಗ್ಯಾರೇಜಿನಿಂದ ಹಳೇ ಜೀಪಿನ 12 ವೋಲ್ಟಿನ ವೈಪರ್ ಮೋಟಾರು ಎರಡು ತಂದೆ. ಒಳ್ಳೆ ಬಲದ ಮೋಟಾರು, ಕೈಯಲ್ಲಿ ಹಿಡಿದು ನಿಲ್ಲಿಸಲು ಆಗುವುದಿಲ್ಲ. ಮಗನ ಹಳೇ ಸೈಕಲ್ಲಿನ ಚಕ್ರ, ಬೈಕಿನ ಬ್ಯಾಟರಿ, ಹಿಂದೆ ಕಬ್ಬಿಣದ ಹಲ್ಲಿನ ಕುಂಟೆ. ಮೂರು ವಾರದ ರಜೆಯೆಲ್ಲ ಇದಕ್ಕೇ ಹೋಯಿತು. ನೋಡಲು ಸಣ್ಣ ಟಿಲ್ಲರಿನ ಹಾಗಿತ್ತು.

ಮೊದಲ ದಿನ ಅದು ಎರಡು ಮಾರು ಹೋಯಿತು. ಅಡಿಕೆ ಗುಂಡಗೆ ಇರುತ್ತದೆ ಅನ್ನುವುದು ಹುಟ್ಟಿದಾಗಿನಿಂದ ಗೊತ್ತಿರುವ ಸಂಗತಿ. ಚಕ್ರದ ಅಡಿಗೆ ಹತ್ತಿಪ್ಪತ್ತು ಅಡಿಕೆ ಒಟ್ಟಿಗೆ ಬಂದರೆ ಗೋಲಿಯ ಮೇಲೆ ಕಾಲಿಟ್ಟ ಹಾಗೆ, ಚಕ್ರ ಗರಗರ ತಿರುಗುತ್ತದೆ, ಗಾಡಿ ನಿಂತಲ್ಲೇ. ತೂಕ ಜಾಸ್ತಿ ಮಾಡಿದೆ. ಈಗ ಚಕ್ರಕ್ಕೆ ಹಿಡಿತ ಸಿಕ್ಕಿತು, ಸಿಕ್ಕಿದ್ದು ಅಡಿಯಲ್ಲಿ ಹಾಸಿದ ಟಾರ್ಪಾಲಿನ ಮೇಲೆ. ಟಾರ್ಪಾಲು ನೆರಿಗೆ ನೆರಿಗೆಯಾಗಿ ಚಕ್ರಕ್ಕೆ ಸುತ್ತಿಕೊಂಡಿತು, ಅಡಿಕೆಯೆಲ್ಲ ಒಂದು ಮೂಲೆಗೆ ಗುಡ್ಡೆ ಬಿತ್ತು. ಟಾರ್ಪಾಲು ತೆಗೆದು ಸಗಣಿ ಸಾರಿಸಿದ ನೆಲದ ಮೇಲೆ ಬಿಟ್ಟರೆ ಕುಂಟೆಯ ಹಲ್ಲು ನೆಲವನ್ನೇ ಕೆರೆಯಿತು. ಹಲ್ಲು ಮೇಲೆತ್ತಿದರೆ ಅಡಿಯ ಅಡಿಕೆ ಮಗುಚುವುದೇ ಇಲ್ಲ. ಕೊನೆಗೆ ಒಂದು ಅಡಿಕೆ ಚಕ್ರಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡು ಮೋಟಾರು ಕಾದು ಹೊಗೆ ಬಂತು.

ಅತ್ತೆ ಜಗುಲಿ ಕಟ್ಟೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಏನೂ ಅನ್ನಲಿಲ್ಲ. ನಾನು ಗಾಡಿಯನ್ನು ಎಳೆದು ಬದಿಗೆ ಹಾಕಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳಕ್ಕೆ ಇಳಿದರು.

ಹನ್ನೆರಡು ವರ್ಷದಿಂದ ಈ ಅಂಗಳದಲ್ಲಿ ಅವರು ಅಡಿಕೆ ಕಾಲಾಡಿಸುವುದನ್ನು ಕಂಡಿದ್ದೇನೆ. ಅವತ್ತು ಮೊದಲ ಸಲ ನೋಡಿದೆ. ಅವರು ಕಾಲು ಎತ್ತುವುದೇ ಇಲ್ಲ. ಹಿಮ್ಮಡಿ ನೆಲಕ್ಕೆ ತಾಗಿರುತ್ತದೆ, ಬೆರಳು ಸ್ವಲ್ಪ ಮೇಲೆ. ಪಾದ ಮುಂದಕ್ಕೆ ಜಾರುವಾಗ ಅಡಿಕೆಯ ಅಡಿಗೆ ಹೋಗುತ್ತದೆ, ಹೆಬ್ಬೆರಳ ಎರಡೂ ಬದಿಗೆ ಅಡಿಕೆ ಮಗುಚಿ ಬೀಳುತ್ತದೆ. ತೂಕವೆಲ್ಲ ಹಿಂದಿನ ಕಾಲಿನ ಮೇಲೆ. ಮುಂದಿನ ಪಾದ ನೆಲ ಗಟ್ಟಿ ಸಿಕ್ಕಿದ ಮೇಲೇ ತೂಕ ಅಲ್ಲಿಗೆ ಬರುತ್ತದೆ. ಅಡಿಯಲ್ಲಿ ಒಂದು ಅಡಿಕೆ ಸಿಕ್ಕರೆ ಪಾದ ಅದನ್ನು ಪಕ್ಕಕ್ಕೆ ಸರಿಸಿ ಕೂರುತ್ತದೆ. ಹಿಂದೆ ಎರಡು ಸಾಲು, ನೇಗಿಲ ಗೆರೆಯ ಹಾಗೆ. ತುದಿಗೆ ಹೋಗಿ ತಿರುಗಿ ಬರುವಾಗ ಹೊಸ ಸಾಲು ಹಳೆಯದರ ನಡುವೆ ಬೀಳುತ್ತದೆ. ನಡುವೆ ಒಂದು ಕಡೆ ನಿಂತು ಪಾದ ಆಡಿಸಿ, “ಇಲ್ಲಿ ಸದ್ದು ಇನ್ನೂ ಹಸಿ” ಅಂದು ಅಲ್ಲಿನದ್ದನ್ನು ತೆಳ್ಳಗೆ ಹರಡಿದರು. ಮಂಡಿ ನೋಯುತ್ತಿತ್ತು. ಪಾದ ಅದನ್ನು ಲೆಕ್ಕಕ್ಕೆ ಇಟ್ಟ ಹಾಗೆ ಕಾಣಲಿಲ್ಲ.

ಹಾನ್ಸ್ ಮೊರಾವೆಕ್ ಅನ್ನುವ ರೋಬೋ ವಿಜ್ಞಾನಿ 1988ರಲ್ಲಿ ಬರೆದಿದ್ದರು: ಬುದ್ಧಿಯ ಪರೀಕ್ಷೆಯಲ್ಲಿ, ಮಣೆಯಾಟದಲ್ಲಿ ಕಂಪ್ಯೂಟರನ್ನು ದೊಡ್ಡವರ ಸಮಕ್ಕೆ ತರುವುದು ಸುಲಭ, ನೋಡುವುದರಲ್ಲಿ ಓಡಾಡುವುದರಲ್ಲಿ ಒಂದು ವರ್ಷದ ಮಗುವಿನ ಸಮಕ್ಕೆ ತರುವುದೇ ಕಷ್ಟ. ಇದನ್ನು ಮೊದಲೇ ಓದಿದ್ದೆ, ಚೆನ್ನಾಗಿ ಹೇಳಿದ್ದಾರೆ ಅಂತ ತಲೆಯಾಡಿಸಿದ್ದೆ. ನಂಬಿರಲಿಲ್ಲ ಅಂತ ಕಾಣುತ್ತದೆ. ನಂಬಿದ್ದರೆ ವೈಪರ್ ಮೋಟಾರಿಗೆ ದುಡ್ಡು ಹಾಕುತ್ತಿರಲಿಲ್ಲ.

ಆ ಟಿಲ್ಲರು ಈಗ ಕೊಟ್ಟಿಗೆಯ ಹಿಂದಿದೆ. ಅದನ್ನು ಮಾಡುವಾಗಿನ ಮೂರು ವಾರ ನನಗೆ ಒಂಚೂರೂ ಖುಷಿ ಆಗಲಿಲ್ಲ. ಪ್ರತಿ ಸ್ಕ್ರೂ ಹಾಕುವಾಗಲೂ ಆ ತೀರ್ಪುಗಾರರ ಮುಖ ಕಣ್ಣೆದುರು ಬರುತ್ತಿತ್ತು. ಸಣ್ಣ ಗಾಡಿಯ ಕಪ್ಪು ತಂತಿ ಹುಡುಕಿದ ರಾತ್ರಿ ಯಾರ ಮುಖವೂ ಇರಲಿಲ್ಲ.

ಎರಡು ಆಮೆಗಳು

ನನ್ನ ಗಾಡಿಗೆ ಮುತ್ತಜ್ಜಂದಿರು ಇದ್ದಾರೆ. 1948-49ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಅನ್ನುವ ಮಿದುಳಿನ ವಿಜ್ಞಾನಿ ಎಲ್ಮರ್, ಎಲ್ಸಿ ಅಂತ ಎರಡು ಯಂತ್ರದ ಆಮೆಗಳನ್ನು ಮಾಡಿದರು. ಮೂರು ಚಕ್ರ, ಮೇಲೊಂದು ಚಿಪ್ಪು, ಬೆಳಕು ನೋಡುವ ಒಂದು ಕಣ್ಣು. ಹಳೇ ಗಡಿಯಾರದ ಹಲ್ಲುಚಕ್ರಗಳನ್ನೂ ಬಿಡದೆ ಬಳಸಿಕೊಂಡಿದ್ದರು. ಒಳಗಿದ್ದದ್ದು ಬರೀ ಎರಡು ವಾಲ್ವ್, ನಮ್ಮ ಅಜ್ಜಂದಿರ ರೇಡಿಯೋದಲ್ಲಿ ಇರುತ್ತಿದ್ದವಲ್ಲ, ಅಂಥವು. ಅಷ್ಟರಲ್ಲೇ ಅವು ಬೆಳಕು ಹುಡುಕಿಕೊಂಡು ಹೋಗುತ್ತಿದ್ದವು, ತೀರಾ ಪ್ರಖರವಾದರೆ ಹಿಂದೆ ಸರಿಯುತ್ತಿದ್ದವು, ಅಡ್ಡ ಸಿಕ್ಕಿದ್ದನ್ನು ತಳ್ಳಿ ಬಳಸಿ ಹೋಗುತ್ತಿದ್ದವು. ಮೂಗಿನ ಮೇಲೆ ದೀಪವಿಟ್ಟು ಕನ್ನಡಿಯ ಮುಂದೆ ಬಿಟ್ಟರೆ ತನ್ನ ಬೆಳಕು ತಾನೇ ನೋಡಿ ಕುಣಿದ ಹಾಗೆ ಅತ್ತಿತ್ತ ಆಡುತ್ತಿದ್ದವು. ಅವು ಯಾರ ಅಡಿಕೆಯನ್ನೂ ಮಗುಚಲಿಲ್ಲ. ಆದರೆ ವಾಲ್ಟರಿಗೆ ಒಂದು ಪ್ರಶ್ನೆ ಇತ್ತು. ಎಷ್ಟು ಕಡಿಮೆ ನರ ಇದ್ದರೆ ಒಂದು ಜೀವ ಜೀವದ ಹಾಗೆ ನಡೆದುಕೊಳ್ಳುತ್ತದೆ ಅಂತ ಅವರು ನೋಡಬೇಕಿತ್ತು. ಅವರ ಮನೆಗೆ ಅಣ್ಣಯ್ಯ ಬಂದಿದ್ದರೆ ಹೇಳಲು ಉತ್ತರ ಇರುತ್ತಿತ್ತು.

ನನಗೆ ಅಂಥ ಪ್ರಶ್ನೆ ಇಲ್ಲ. ಅದು ತಿರುಗುವ ಮುಂಚೆ ಒಂದು ಕ್ಷಣ ನಿಲ್ಲುತ್ತದಲ್ಲ, ಆ ಕ್ಷಣ ನೋಡಬೇಕು ಅನ್ನಿಸುತ್ತದೆ. ಎಡದ ಅಂಕಿ, ಬಲದ ಅಂಕಿ, ಯಾವುದು ದೊಡ್ಡದು ಅನ್ನುವ ಒಂದೇ ಸಾಲು ಅದರ ಯೋಚನೆ. ಬರೆದವಳು ನಾನೇ. ಆದರೂ ಯಾವ ಕಡೆ ಹೋಗುತ್ತದೆ ಅಂತ ನನಗೆ ಗೊತ್ತಿರುವುದಿಲ್ಲ.

ಹೊಸ್ತಿಲು

ನಮ್ಮ ಮನೆಯ ಒಳಬಾಗಿಲಿಗೆಲ್ಲ ಹಲಸಿನ ಮರದ ಹೊಸ್ತಿಲು, ನಾಲ್ಕು ಬೆರಳು ಎತ್ತರ. ಚಕ್ರ ತನ್ನ ಅರ್ಧಕ್ಕಿಂತ ಎತ್ತರದ ಮೆಟ್ಟಿಲು ಹತ್ತುವುದಿಲ್ಲ. ನನ್ನ ಗಾಡಿಯ ಚಕ್ರ 65 ಮಿಲಿಮೀಟರ್, ಅರ್ಧ ಅಂದರೆ ಎರಡು ಬೆರಳೂ ಇಲ್ಲ. ಹಾಗಾಗಿ ಅದರ ಇಡೀ ಜೀವನ ನಡುಮನೆಯಲ್ಲೇ. ಒಮ್ಮೆ ಅಡಿಗೆಮನೆ ಹೊಸ್ತಿಲಿಗೆ ಹಲಗೆ ಇಡಲು ಹೋಗಿದ್ದೆ. ಅತ್ತೆ ಮುಖ ಸಿಂಡರಿಸಿ, “ಹೊಸ್ತಿಲ ಮೇಲೆ ಓಡಿಸೋದಾ? ಲಕ್ಷ್ಮಿ ಇರೋ ಜಾಗ” ಅಂದರು. ಸೇರಕ್ಕಿ ಒದ್ದು ಮನೆಗೆ ಕಾಲಿಟ್ಟ ದಿನವೇ ಹೊಸ್ತಿಲು ತುಳಿಯಬಾರದು ಅಂತ ಹೇಳಿಸಿಕೊಂಡವಳು ನಾನು. ಹಲಗೆ ವಾಪಸು ಇಟ್ಟೆ.

ಹೋದ ವಾರ ಮೂರು ದಿನ ಕರೆಂಟು ಇರಲಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿತ್ತು. ಟಿವಿ ಇಲ್ಲ, ಫೋನಿನ ಚಾರ್ಜು ಮುಗಿದಿತ್ತು. ಗಾಡಿಯ ಬ್ಯಾಟರಿ ಮಾತ್ರ ತುಂಬಿತ್ತು. ಸಂಜೆ ಚಿಮಣಿ ಹಚ್ಚಿಟ್ಟು ಅದನ್ನು ಬಿಟ್ಟೆ. ಅತ್ತೆ ಎಲೆ ಅಡಿಕೆ ಹಾಕಿಕೊಂಡು ನೋಡುತ್ತ ಕೂತರು. ಗಾಡಿ ಅಡಿಗೆಮನೆ ಹೊಸ್ತಿಲಿಗೆ ಹೋಯಿತು. ಸೆನ್ಸರು ಹೊಸ್ತಿಲಿಗಿಂತ ಎತ್ತರದಲ್ಲಿದೆ, ಆಚೆ ಬಯಲೇ ಕಾಣುತ್ತದೆ. ಹೋಗಿ ಡಿಕ್ಕಿ ಹೊಡೆಯಿತು, ಅಲ್ಲೇ ಒದ್ದಾಡಿತು. ಎತ್ತಿ ತಿರುಗಿಸಿ ಬಿಟ್ಟೆ. ಸುತ್ತಿ ಬಳಸಿ ಮತ್ತೆ ಅಲ್ಲಿಗೇ. ಐದಾರು ಸಲ ಹೀಗಾಯಿತು.

ಮರುದಿನ ಸೊಸೈಟಿಯಿಂದ ಬಂದು ನೋಡಿದರೆ ಹೊಸ್ತಿಲಿಗೆ ಅಡಿಕೆ ದಬ್ಬೆಯ ಎರಡು ಸೀಳು ಒರಗಿಸಿದ್ದಾರೆ, ಆಚೆಗೂ ಎರಡು. ನಡುವಿನ ಅಂತರ ಸರಿಯಾಗಿ ಗಾಡಿಯ ಚಕ್ರದ ಅಗಲ. “ಬಿಡು ನೋಡುವ” ಅಂದರು. ಬಿಟ್ಟೆ. ಮುಂದಿನ ಎರಡು ಚಕ್ರ ಹತ್ತಿದವು, ಹಿಂದಿನ ಒಂಟಿ ಉರುಳುಗಾಲಿ ಎರಡು ದಬ್ಬೆಯ ನಡುವಿನ ಸಂದಿಗೆ ಇಳಿದು ನೇತಾಡಿತು. ಅತ್ತೆ ಬಗ್ಗಿ ನೋಡಿದರು, ಹಿತ್ತಿಲಿಗೆ ಹೋದರು, ಮೂರನೇ ಸೀಳು ತಂದು ನಡುವೆ ಇಟ್ಟರು. ಗಾಡಿ ಏದುಸಿರು ಬಿಡುತ್ತ ಹತ್ತಿತು, ಹೊಸ್ತಿಲ ನೆತ್ತಿಯಲ್ಲಿ ಒಂದು ಕ್ಷಣ ತೂಗಿತು, ಆ ಕಡೆಗೆ ಜಾರಿ ಅಡಿಗೆಮನೆಯ ಕತ್ತಲೆಗೆ ಹೋಯಿತು.

“ಅತ್ತೆ, ಹೊಸ್ತಿಲು ತುಳಿದ ಹಾಗಾಯ್ತಲ್ವಾ?” ಅಂದೆ.

“ತುಳೀಲಿಕ್ಕೆ ಅದಕ್ಕೆ ಕಾಲೆಲ್ಲಿದೆ ಮಾರಾಯ್ತಿ” ಅಂದರು.

ಅಷ್ಟರಲ್ಲಿ ಒಳಗೆ ಪಾತ್ರೆ ಉರುಳಿದ ಸದ್ದಾಯಿತು.